ಖಾಲಿ ಫೈಲೂ ‘ಓಕೆ’ ಎನ್ನುತ್ತದೆ

ಗುರುವಾರ ಬೆಳಗಿನ ಜಾವ 4 ಗಂಟೆ 10 ನಿಮಿಷಕ್ಕೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಅಪ್ಪಯ್ಯನಿಂದಾಗಿ. ಪುನರ್ವಸು ಮಳೆ ಹಿಡಿದ ರಾತ್ರಿಗಳಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ. ಮಾಡಿನ ಮೇಲಿನ ಸದ್ದು ಕೇಳುತ್ತಾ, ಎಷ್ಟು ಇಂಚು ಆಗಬಹುದೆಂದು ಅಂದಾಜು ಹಾಕುತ್ತಾ ಮಲಗಿರುತ್ತಾರೆ. ಬೆಳಿಗ್ಗೆ ನೋಡಿದರೆ ಅಟ್ಟದ ಮೇಲಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಏಳಲಿಲ್ಲ. ಅದರ ಎಸ್‌ಡಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಕಾರ್ಡ್ ಹಾಕಿದ್ದೇ ಅದಕ್ಕೆ ಗೊತ್ತಾಗಲಿಲ್ಲ. ಕಾರ್ಡಿನ ಕಥೆ ಅಲ್ಲಿಗೆ ಮುಗಿಯಿತು.

ಅದರಲ್ಲಿದ್ದದ್ದು ನಮ್ಮ ತೋಟದ ಮಳೆ. ಅಪ್ಪಯ್ಯ 1984ರಿಂದ ದಿನವೂ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆಯುತ್ತಾ ಬಂದಿದ್ದಾರೆ. ಲೆಕ್ಕ ಮಲೆನಾಡಿನ ಹಳೆಯ ರೂಢಿಯಂತೆ ಇಂಚು ಮತ್ತು ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅಂಚಿನಲ್ಲಿ ನಕ್ಷತ್ರದ ಹೆಸರು: ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಮೊತ್ತ. ಈ ಪುಸ್ತಕಗಳನ್ನೆಲ್ಲ ನಾನು ಟೈಪ್ ಮಾಡಿ ‘ದಿನ’ ಎಂಬ ಟೇಬಲ್ಲಿಗೆ ತುಂಬಿದ್ದೇನೆ. ಸುಮಾರು 15 ಸಾವಿರ ಸಾಲು. ‘ನಿಮಿಷ’ ಎಂಬ ಇನ್ನೊಂದು ಟೇಬಲ್ 2018ರ ಜೂನ್‌ನಿಂದ ತಾನೇ ತಾನಾಗಿ ಬೆಳೆಯುತ್ತಿದೆ. ಅದಕ್ಕೆ ಬೇರೆ ಮಾಪಕವಿದೆ: ಏತದಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು, 0.2 ಮಿಲಿಮೀಟರ್ ಮಳೆಗೆ ಒಂದು ವಾಲು. ನಿಮಿಷಕ್ಕೆ ಎಷ್ಟು ಸಲ ವಾಲಿತು, ಉಷ್ಣಾಂಶ ಎಷ್ಟು, ತೇವ ಎಷ್ಟು ಎಂದು ಪೈ ಬರೆದಿಡುತ್ತದೆ. ಅಡಿಕೆಗೆ ಕೊಳೆರೋಗ ಬರುವ ಮುನ್ನ ಬೋರ್ಡೋ ದ್ರಾವಣ ಹೊಡೆಯಲು ಮಳೆ ಎಷ್ಟು ಹೊತ್ತು ಬಿಡುವು ಕೊಡುತ್ತದೆ ಎಂಬುದು ದಿನದ ಮೊತ್ತದಿಂದ ತಿಳಿಯುವುದಿಲ್ಲ. ಅದಕ್ಕೆ ಈ ನಿಮಿಷದ ಲೆಕ್ಕ. ಎರಡೂ ಟೇಬಲ್, ಜೊತೆಗೆ ಬ್ಯಾಟರಿಯ ಸ್ಥಿತಿಯನ್ನು ಹೇಳುವ ಒಂದೇ ಸಾಲಿನ ಮೂರನೆಯ ಟೇಬಲ್, ಎಲ್ಲವೂ ಒಂದೇ ಎಸ್‌ಕ್ಯೂಲೈಟ್ ಫೈಲಿನಲ್ಲಿವೆ; ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ತಂತ್ರಾಂಶ ಅದು.

ಬ್ಯಾಕಪ್ ಇತ್ತು. ಬೇಕಾದಷ್ಟು ಇತ್ತು. ರಾತ್ರಿ ಎರಡು ಗಂಟೆಗೆ, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್ ಎದ್ದು ಫೈಲನ್ನು ಪೆನ್ ಡ್ರೈವಿಗೆ ನಕಲು ಮಾಡುತ್ತಿತ್ತು. ದಿನದ್ದು ಏಳು, ವಾರದ್ದು ನಾಲ್ಕು, ತಿಂಗಳದ್ದು ಹನ್ನೆರಡು, ಒಟ್ಟು 23 ಫೈಲು. ಪ್ರತಿ ನಕಲಿನ ನಂತರ ಪರೀಕ್ಷೆ ನಡೆಸಿ, ದಾಖಲೆಯಲ್ಲಿ ‘ಸರಿ’ ಎಂದು ಬರೆಯುವ ಸಾಲನ್ನೂ ಸ್ಕ್ರಿಪ್ಟಿಗೆ ಸೇರಿಸಿದ್ದೆ. ಆ ದಾಖಲೆಯನ್ನು ತೆರೆದು ನೋಡಿದೆ. ಉದ್ದಕ್ಕೂ ‘ಸರಿ, ಸರಿ, ಸರಿ’. ಗುರುವಾರದ ಎರಡು ಗಂಟೆಯ ನಕಲಿನ ಮುಂದೆಯೂ ‘ಸರಿ’. ನಿಶ್ಚಿಂತೆಯಿಂದ ಅದನ್ನು ತೆರೆದು ಕಳೆದ ವಾರದ ಮಳೆ ಕೇಳಿದೆ. ಡೇಟಾಬೇಸಿನ ರೂಪ ಕೆಟ್ಟಿದೆ ಎಂಬ ಒಂದು ಸಾಲು ಬಂತು, ಮಳೆ ಬರಲಿಲ್ಲ.

ಗುರುವಾರ, ಬೆಳಿಗ್ಗೆ 9

ಮೊದಲ ಕೆಲಸ, ಮೂಲವನ್ನು ಮುಟ್ಟದಿರುವುದು. ಎಸ್‌ಕ್ಯೂಲೈಟ್ ಫೈಲನ್ನು ಸುಮ್ಮನೆ ತೆರೆದು ನೋಡುತ್ತೇನೆ ಎಂದರೂ ಅದು ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಅರೆಬರೆ ಜರ್ನಲ್ ಫೈಲೋ, ಮುಖ್ಯ ಫೈಲಿಗೆ ಇನ್ನೂ ಸೇರದ ಬರಹವಿರುವ ‘ವಾಲ್’ ಫೈಲೋ ಇದ್ದರೆ, ತೆರೆದು ಮುಚ್ಚುವಷ್ಟರಲ್ಲಿ ಅದನ್ನು ಒಳಗೆ ಸೇರಿಸಿ ಮೂಲವನ್ನೇ ಬದಲಿಸಬಹುದು. ಆದ್ದರಿಂದ ಪೆನ್ ಡ್ರೈವನ್ನು ಓದಲು ಮಾತ್ರ ಆಗುವಂತೆ ಮೌಂಟ್ ಮಾಡಿ, 23 ಫೈಲುಗಳನ್ನೂ ಲ್ಯಾಪ್‌ಟಾಪಿಗೆ ನಕಲಿಸಿ, ಎರಡೂ ಕಡೆ ಫೈಲಿನ ಬೆರಳಚ್ಚು ತೆಗೆಯುವ ಶಾ256ಸಮ್ ಓಡಿಸಿ ಹೋಲಿಸಿದೆ. ಒಂದೊಂದೂ ತಾಳೆಯಾಯಿತು. ಪೆನ್ ಡ್ರೈವನ್ನು ಕಳಚಿ ದೇವರ ಗೂಡಿನಲ್ಲಿಟ್ಟೆ. ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಅದೊಂದೇ.

ನಕಲುಗಳನ್ನು ತೆರೆಯುವಾಗ ಫೈಲಿನ ಹೆಸರನ್ನು ಯುಆರ್‌ಐ ರೂಪದಲ್ಲಿ, ಅಂದರೆ ಜಾಲವಿಳಾಸದಂತೆ, ಕೊಟ್ಟು, ಕೊನೆಗೆ ‘ಮೋಡ್=ಆರ್‌ಒ’ ಮತ್ತು ‘ಇಮ್ಯೂಟಬಲ್=1’ ಸೇರಿಸಿದೆ. ಮೊದಲನೆಯದು ಬರೆಯಬೇಡ ಎನ್ನುತ್ತದೆ. ಎರಡನೆಯದು, ಈ ಫೈಲನ್ನು ಬೇರೆ ಯಾರೂ ಬದಲಿಸುವುದಿಲ್ಲ, ಬೀಗ ಹಾಕುವ ಗೋಜೂ ಬೇಡ ಎನ್ನುತ್ತದೆ. ಇದರಲ್ಲೊಂದು ಅಪಾಯವಿದೆ. ಇಮ್ಯೂಟಬಲ್ ಎಂದರೆ ಪಕ್ಕದಲ್ಲಿರುವ ವಾಲ್ ಫೈಲನ್ನು ಎಸ್‌ಕ್ಯೂಲೈಟ್ ನೋಡುವುದೇ ಇಲ್ಲ. ವಾಲ್ ಇರುವ ಫೈಲನ್ನು ಹೀಗೆ ತೆರೆದರೆ ಇತ್ತೀಚಿನ ಬರಹ ಕಣ್ಣಿಗೆ ಬೀಳದೆ, ಕಳೆದುಹೋಯಿತೆಂದು ವೃಥಾ ಗಾಬರಿಯಾಗಬೇಕಾದೀತು. ನನ್ನ ನಕಲುಗಳ ಪಕ್ಕ ವಾಲ್ ಇರಲೇ ಇಲ್ಲ. ಇರಬೇಕಿತ್ತು ಎಂಬುದು ಹೊಳೆದದ್ದು ಮಧ್ಯಾಹ್ನ.

ಟರ್ಮಿನಲ್ಲಿನಲ್ಲಿ ಒಂದು ಫಾರ್ ಲೂಪ್ ಬರೆದು, 23 ಫೈಲಿಗೂ ಡೇಟಾಬೇಸ್ ಕೆಟ್ಟಿಲ್ಲವೇ ಎಂದು ನೋಡುವ ‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ಓಡಿಸಿ, ಬಂದ ಉತ್ತರವನ್ನು ಫೈಲಿನ ಹೆಸರಿನ ಜೊತೆ ಬರೆದುಕೊಂಡೆ. ಇದಕ್ಕಿಂತ ಹಗುರವಾದ ‘ಕ್ವಿಕ್_ಚೆಕ್’ ಕೂಡ ಇದೆ. ಅದು ಫೈಲಿನ ಸಮಗಾತ್ರದ ತುಂಡುಗಳ, ಅಂದರೆ ಪುಟಗಳ, ಜೋಡಣೆಯನ್ನು ನೋಡುತ್ತದೆ. ಆದರೆ ಟೇಬಲ್ಲಿನಲ್ಲಿರುವುದೂ, ಬೇಗ ಹುಡುಕಲು ಇಟ್ಟ ಸೂಚಿಯಾದ ಇಂಡೆಕ್ಸಿನಲ್ಲಿರುವುದೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದಿಲ್ಲ. ದೊಡ್ಡ ಫೈಲಿಗೆ ಅದು ಉಳಿಸುವ ಸಮಯ ಬಹಳ. ನಮ್ಮದು 160 ಮೆಗಾಬೈಟಿನ ಸಣ್ಣ ಫೈಲು, ಪೂರ್ತಿ ಪರೀಕ್ಷೆಯೇ ಇರಲಿ ಎಂದುಕೊಂಡೆ. 20 ಫೈಲು ‘ಓಕೆ’ ಎಂದವು.

ಅಪ್ಪಯ್ಯ ಬಾಗಿಲಲ್ಲಿ ಇಣುಕಿ ಕೇಳಿದರು: ‘ಏನಂತೆ ಮಗಳೇ, ಮಳೆ ಸಿಕ್ಕಿತೇ?’

‘ಇಪ್ಪತ್ತಮೂರರಲ್ಲಿ ಇಪ್ಪತ್ತು ಚೆನ್ನಾಗಿವೆ ಅಪ್ಪಯ್ಯ.’

‘ಹೇಗೆ ಗೊತ್ತು?’

ಅದಕ್ಕೆ ಉತ್ತರ ಹುಡುಕಲು ಹೋಗಿ ಸಂಜೆಯಾಯಿತು.

ಫೈಲುಗಳ ಗಾತ್ರದ ಪಟ್ಟಿ ಹಾಕಿದ ಕೂಡಲೇ ಮೊದಲ ಪೆಟ್ಟು. ‘ಓಕೆ’ ಎಂದ ವಾರದ ಫೈಲುಗಳಲ್ಲಿ ಎರಡರ ಗಾತ್ರ ಸೊನ್ನೆ ಬೈಟು. ಪೆನ್ ಡ್ರೈವಿನಲ್ಲಿ ಜಾಗ ಮುಗಿದಿದ್ದ ದಿನಗಳವು. ನಕಲು ಮಾಡುವ ಆಜ್ಞೆ ಹೆಸರೊಂದನ್ನು ಹುಟ್ಟಿಸಿ, ಒಳಗೆ ಏನೂ ಹಾಕಲಾಗದೆ ಕೈಚೆಲ್ಲಿತ್ತು. ಎಸ್‌ಕ್ಯೂಲೈಟ್‌ನ ದೃಷ್ಟಿಯಲ್ಲಿ ಸೊನ್ನೆ ಬೈಟಿನ ಫೈಲು ಎಂದರೆ ಇನ್ನೂ ಟೇಬಲ್ ಮಾಡಿಲ್ಲದ ಹೊಸ ಡೇಟಾಬೇಸ್. ತಪ್ಪು ಇರಲು ಒಳಗೆ ಏನಾದರೂ ಇರಬೇಕಲ್ಲ, ಹಾಗಾಗಿ ‘ಓಕೆ’. ಇದಕ್ಕಿಂತ ಕೆಟ್ಟದ್ದು, ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇದೇ ಗತಿ. ಇಲ್ಲದ ಫೈಲನ್ನು ತಾನೇ ಸೃಷ್ಟಿಸಿ, ಅದು ಆರೋಗ್ಯವಾಗಿದೆ ಎಂದು ಪ್ರಮಾಣಪತ್ರ ಕೊಡುತ್ತದೆ. ‘ಮೋಡ್=ಆರ್‌ಒ’ ಇದ್ದರೆ ಇಲ್ಲದ ಫೈಲಿಗೆ ತೆರೆಯಲಾಗಲಿಲ್ಲ ಎಂಬ ದೂರು ಬರುತ್ತದೆ; ಆದರೆ ಸೊನ್ನೆ ಬೈಟಿನ ಫೈಲು ಆಗಲೂ ನುಸುಳುತ್ತದೆ.

‘ಓಕೆ’ ಎನ್ನದ ಮೂರರಲ್ಲಿ ಎರಡು ಬೇಗ ತೀರ್ಮಾನವಾದವು. ತಿಂಗಳ ಒಂದು ಫೈಲು ತಾನು ಡೇಟಾಬೇಸೇ ಅಲ್ಲ ಎಂದಿತು, ದೋಷ ಸಂಖ್ಯೆ 26. ಎಸ್‌ಕ್ಯೂಲೈಟ್ ಫೈಲಿನ ಮೊದಲ 16 ಬೈಟುಗಳಲ್ಲಿ ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೊನೆಗೊಂದು ಸೊನ್ನೆ ಬೈಟು ಇರಲೇಬೇಕು. ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್‌ಡಂಪ್ ಹಾಕಿದರೆ ಅಲ್ಲಿ ಬರೀ ಸೊನ್ನೆಗಳು. ಪೆನ್ ಡ್ರೈವನ್ನು ಅನ್‌ಮೌಂಟ್ ಮಾಡದೆ ಕಿತ್ತ ಪುಣ್ಯಾತ್ಮಳು ನಾನೇ. ಇನ್ನೊಂದು ತಿಂಗಳ ಫೈಲು ತೆರೆಯುವಾಗಲೇ 11ನೆಯ ದೋಷ ಹೇಳಿತು. ಅದರ ಗಾತ್ರ 13,42,17,728 ಬೈಟು, ಸರಿಯಾಗಿ 128 ಮೆಗಾಬೈಟು. ಇಷ್ಟು ದುಂಡಾದ ಸಂಖ್ಯೆ ತಾನಾಗಿ ಬರುವುದಿಲ್ಲ. ನಕಲು ನಡುವೆಯೇ ನಿಂತಿದೆ. ಹಳೆಯ ದಾಖಲೆಯಲ್ಲಿ ಆ ದಿನ ಮಾತ್ರ ‘ಸರಿ’ ಇರಲಿಲ್ಲ. ಇಲ್ಲದ ಸಾಲನ್ನು ಯಾರು ಓದುತ್ತಾರೆ?

ಗುರುವಾರದ ಫೈಲಿನ ಮುಂದೆ ಹಳೆಯ ಸ್ಕ್ರಿಪ್ಟು ‘ಸರಿ’ ಎಂದು ಬರೆದದ್ದು ಏಕೆ ಎಂಬುದೂ ತಿಳಿಯಿತು. ಎಸ್‌ಕ್ಯೂಲೈಟ್ ಯಶಸ್ವಿಯಾಗಿ ಮುಗಿದರೆ ಮಾತ್ರ ‘ಸರಿ’ ಎಂದು ಬರೆ ಎಂದಿದ್ದೆ. ಅದು ಯಶಸ್ವಿಯಾಗಿಯೇ ಮುಗಿದಿತ್ತು! ಪರೀಕ್ಷೆ ಮಾಡು ಎಂದೆ, ಮಾಡಿತು. ಸಿಕ್ಕ ದೋಷಗಳನ್ನು ಸಾಲುಸಾಲಾಗಿ ಮುದ್ರಿಸಿ, ಕೊಟ್ಟ ಕೆಲಸ ಪೂರೈಸಿದೆ ಎಂದು ಸೊನ್ನೆ ಸಂಕೇತ ಹಿಂತಿರುಗಿಸಿತು. ದೋಷದ ಪಟ್ಟಿಯೂ ಅದಕ್ಕೆ ಒಂದು ಉತ್ತರ ಅಷ್ಟೇ. ನೋಡಬೇಕಿದ್ದದ್ದು ಅದು ಹೇಗೆ ಮುಗಿಯಿತು ಎಂಬುದನ್ನಲ್ಲ, ಬಂದ ಉತ್ತರ ‘ಓಕೆ’ ಎಂಬ ಎರಡೇ ಅಕ್ಷರವೇ ಎಂಬುದನ್ನು. ಏಳು ವರ್ಷ ನನ್ನ ಸ್ಕ್ರಿಪ್ಟು ವೈದ್ಯರು ಬಂದು ಹೋದರೇ ಎಂದು ವಿಚಾರಿಸುತ್ತಿತ್ತು. ಅವರು ಏನೆಂದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಗುರುವಾರದ ಫೈಲು

ಬುಧವಾರದ ನಕಲು ನಿಜವಾಗಿಯೂ ಚೆನ್ನಾಗಿತ್ತು: ‘ನಿಮಿಷ’ದಲ್ಲಿ 37,11,862 ಸಾಲು, ಕೊನೆಯದು ಮಂಗಳವಾರ ರಾತ್ರಿ 10:14ರದು. ರಾತ್ರಿ ಎರಡಕ್ಕೆ ಮಾಡಿದ ನಕಲಿನಲ್ಲಿ ಹತ್ತೂಕಾಲರವರೆಗಿನ ಮಳೆ ಮಾತ್ರ ಏಕಿದೆ? ಆಗ ಹೊಳೆಯಿತು, ವಾಲ್.

ಈ ಡೇಟಾಬೇಸ್ ವಾಲ್ ರೀತಿಯಲ್ಲಿ ನಡೆಯುತ್ತದೆ. ಹೊಸ ಬರಹ ಮೊದಲು ಪಕ್ಕದ ವಾಲ್ ಫೈಲಿಗೆ ಹೋಗುತ್ತದೆ. ಅಲ್ಲಿ 1,000 ಪುಟ ತುಂಬಿದ ಮೇಲೆ ಎಲ್ಲವನ್ನೂ ಮುಖ್ಯ ಫೈಲಿಗೆ ಇಳಿಸುತ್ತದೆ. ಅಂಗಡಿಯವರು ದಿನವಿಡೀ ಚೀಟಿಯಲ್ಲಿ ಬರೆದು ಸಂಜೆ ಖಾತೆ ಪುಸ್ತಕಕ್ಕೆ ಏರಿಸುವ ಹಾಗೆ. ನಮ್ಮ ಪೈ ನಿಮಿಷಕ್ಕೆ ಮೂರು ಪುಟ ಮುಟ್ಟುತ್ತದೆ: ಟೇಬಲ್ಲಿನದೊಂದು, ಇಂಡೆಕ್ಸಿನದೊಂದು, ಬ್ಯಾಟರಿಯದೊಂದು. ಹಾಗಾಗಿ ಸುಮಾರು ಐದೂವರೆ ಗಂಟೆಗೊಮ್ಮೆ ಈ ಇಳಿಸುವಿಕೆ. ನನ್ನ ಸ್ಕ್ರಿಪ್ಟು ಖಾತೆ ಪುಸ್ತಕವನ್ನು ಮಾತ್ರ ನಕಲು ಮಾಡಿ ಚೀಟಿಗಳನ್ನು ಬಿಟ್ಟುಬರುತ್ತಿತ್ತು. ಪ್ರತಿ ರಾತ್ರಿಯೂ ಸ್ವಲ್ಪ ಮಳೆ ಹೊರಗುಳಿಯುತ್ತಿತ್ತು. ಮರುದಿನದ ನಕಲಿನಲ್ಲಿ ಅದು ಸೇರುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಗುರುವಾರ ಆದದ್ದು ಇದಕ್ಕಿಂತ ವಿಚಿತ್ರ. ಫೈಲಿನ ಗಾತ್ರ 16,32,50,176 ಬೈಟು. ಪುಟಕ್ಕೆ 4,096ರಂತೆ ಭಾಗಿಸಿದರೆ 39,856 ಪುಟ, ಶೇಷವಿಲ್ಲ. ‘ಫೈಲ್’ ಆಜ್ಞೆ ಕೊಟ್ಟು ಡೇಟಾಬೇಸಿನ ತಲೆಬರಹ, ಅಂದರೆ ಫೈಲಿನ ಆರಂಭದಲ್ಲಿರುವ ವಿವರ, ಓದಿಸಿದೆ. ಒಟ್ಟು 39,853 ಪುಟ ಎಂದಿತು. ಮೂರು ಪುಟ ಹೆಚ್ಚಿಗೆ ಇವೆ, ಅವು ಇರುವುದು ತಲೆಬರಹಕ್ಕೆ ಗೊತ್ತಿಲ್ಲ. ಇಂಟೆಗ್ರಿಟಿ_ಚೆಕ್ ಕೊಟ್ಟ ದೋಷಗಳನ್ನು ಮತ್ತೆ ಓದಿದಾಗ ಅರ್ಥವಾಯಿತು. ‘ನಿಮಿಷ’ ಟೇಬಲ್ಲಿನ ಮೇಲುಪುಟವೊಂದು 39,854 ಮತ್ತು 39,856ನೆಯ ಪುಟಗಳತ್ತ ಬೆರಳು ತೋರಿಸುತ್ತಿದೆ. ಆ ಸಂಖ್ಯೆಯ ಪುಟವೇ ಇಲ್ಲ ಎಂದು ಪರೀಕ್ಷೆ ಗೊಣಗುತ್ತಿದೆ.

ನಕಲು ಮಾಡುವ ಆಜ್ಞೆ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗುತ್ತದೆ. ನಿಧಾನದ ಪೆನ್ ಡ್ರೈವಿಗೆ 160 ಮೆಗಾಬೈಟು ಇಳಿಸಲು ಹಲವು ಸೆಕೆಂಡು ಬೇಕು. ಅದು ತಲೆಬರಹವನ್ನು ಓದಿಕೊಂಡು ಮುಂದೆ ಸಾಗಿದ ಮೇಲೆ, ಹಿಂದಿನಿಂದ ಎಸ್‌ಕ್ಯೂಲೈಟ್ ವಾಲ್‌ನಲ್ಲಿದ್ದ ಬರಹವನ್ನು ಮುಖ್ಯ ಫೈಲಿಗೆ ಇಳಿಸಿದೆ. ಹೀಗಾಗಿ ನಕಲಿನ ತಲೆ ಹಳೆಯದು, ಬಾಲ ಹೊಸದು. ಏಳು ವರ್ಷದಲ್ಲಿ ಈ ಎರಡು ಕೆಲಸ ಒಂದೇ ಗಳಿಗೆಗೆ ಬಿದ್ದದ್ದು ಇದೊಂದೇ ರಾತ್ರಿ ಇರಬಹುದು, ಪೈ ಸತ್ತದ್ದೂ ಅದೇ ರಾತ್ರಿ. ಆದರೆ ಈ ಡಿಕ್ಕಿಯಲ್ಲೊಂದು ಲಾಭವಿದೆ ಎಂಬುದು ಆಮೇಲೆ ಗೊತ್ತಾಯಿತು.

ಮೊದಲು ಸುಲಭದ ದಾರಿ ಹಿಡಿದೆ. ‘ಡಂಪ್’ ಕೊಟ್ಟರೆ ಡೇಟಾಬೇಸ್ ಪೂರ್ತಿ ಎಸ್‌ಕ್ಯೂಎಲ್ ಆಜ್ಞೆಗಳ ಸಾಲುಗಳಾಗಿ ಹೊರಬರುತ್ತದೆ. ಅದನ್ನು ಹೊಸ ಫೈಲಿಗೆ ಉಣಿಸಿದರೆ ಆಯಿತು. ಉಣಿಸಿದೆ. ಹೊಸ ಫೈಲಿಗೆ ಇಂಟೆಗ್ರಿಟಿ_ಚೆಕ್ ಓಡಿಸಿದೆ. ‘ಓಕೆ.’ ಈ ಸಲ ನಾನು ಮೋಸ ಹೋಗಲಿಲ್ಲ, ಟೇಬಲ್ಲುಗಳ ಪಟ್ಟಿ ಕೇಳಿದೆ. ಒಂದೂ ಇಲ್ಲ! ಡಂಪ್ ಮಾಡಿದ ಪಠ್ಯದ ಕೊನೆಯ ಸಾಲಿಗೆ ಹೋಗಿ ನೋಡಿದರೆ ‘ಕಮಿಟ್’ ಇರಬೇಕಾದಲ್ಲಿ ‘ರೋಲ್‌ಬ್ಯಾಕ್’ ಇದೆ. ದಾರಿಯಲ್ಲಿ ದೋಷ ಸಿಕ್ಕರೆ ಡಂಪ್ ಹೀಗೇ ಮುಗಿಸುತ್ತದೆ. ಅಷ್ಟೂ ಲಕ್ಷ ಸಾಲುಗಳನ್ನು ನಿಷ್ಠೆಯಿಂದ ಒಳಗೆ ಹಾಕಿ, ಕಟ್ಟಕಡೆಗೆ ‘ಎಲ್ಲ ರದ್ದು’ ಎಂದು ಹೇಳಿ ಎದ್ದುಹೋಗುತ್ತದೆ. ಸೆಡ್ ಬಳಸಿ ಆ ಸಾಲನ್ನು ‘ಕಮಿಟ್’ ಎಂದು ಬದಲಿಸಿ ಮತ್ತೆ ಉಣಿಸಿದಾಗ 37,13,234 ಸಾಲು ಬಂದವು, ಕೊನೆಯದು ಬುಧವಾರ ರಾತ್ರಿ 9:06ರದು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಮೂರು ಪುಟ ಕಣ್ಣೆದುರೇ ಇವೆ, ಅದರಲ್ಲಿ ಬುಧವಾರ ರಾತ್ರಿಯ ಮಳೆ ಇದೆ. ಕೆಟ್ಟ ಫೈಲಿನಿಂದ ಸಿಕ್ಕಷ್ಟನ್ನು ಹೆಕ್ಕುವ ‘ರಿಕವರ್’ ಎಂಬ ಬಲವಾದ ಆಜ್ಞೆ 2019ರಿಂದ ಇದೆ. ಅದು ಕೊನೆಯ ಮದ್ದು. ನಮ್ಮ ರೋಗಿಗೆ ರೋಗ ಎಲ್ಲಿದೆ ಎಂದು ಗೊತ್ತಿರುವಾಗ ಅಷ್ಟು ದೂರ ಹೋಗುವುದೇಕೆ?

ಪುಟಗಳ ಸಂಖ್ಯೆ ಇರುವುದು, ಸೊನ್ನೆಯಿಂದ ಎಣಿಸಿದರೆ, ತಲೆಬರಹದ 28ನೆಯ ಬೈಟಿನಿಂದ, ನಾಲ್ಕು ಬೈಟುಗಳಲ್ಲಿ, ದೊಡ್ಡ ಬೈಟು ಮೊದಲು. 39,853 ಎಂಬುದು ಹದಿನಾರರ ಲೆಕ್ಕದಲ್ಲಿ ‘9ಬಿಎಡಿ’. ಕೊನೆಯ ಮೂರು ಅಕ್ಷರ ಸೇರಿಸಿ ಇಂಗ್ಲಿಷಿನಲ್ಲಿ ಓದಿದರೆ ‘ಬ್ಯಾಡ್’. ಡೇಟಾಬೇಸಿಗೂ ಹಾಸ್ಯಪ್ರಜ್ಞೆ ಇದೆ. ಅದು 39,856 ಆಗಬೇಕು, ಅಂದರೆ ‘9ಬಿಬಿ0’. ಬದಲಿಸಬೇಕಾದದ್ದು ಒಂದೇ ಬೈಟು, 31ನೆಯದು. ಪ್ರಿಂಟ್‌ಎಫ್‌ನಿಂದ ಆ ಬೈಟನ್ನು ಹುಟ್ಟಿಸಿ, ಬೈಟುಗಳನ್ನು ಬೇಕಾದ ಜಾಗದಲ್ಲಿ ಬರೆಯುವ ಡಿಡಿಗೆ ಕೊಟ್ಟೆ: ಬಿಎಸ್=1, ಸೀಕ್=31, ಮತ್ತು ಮರೆಯಲೇಬಾರದ ಕಾನ್ವ್=ನೋಟ್ರಂಕ್. ಅದನ್ನು ಬಿಟ್ಟರೆ ಡಿಡಿ ಆ ಬೈಟಿನ ನಂತರದ್ದನ್ನೆಲ್ಲ ಕತ್ತರಿಸಿಬಿಡುತ್ತದೆ. 160 ಮೆಗಾಬೈಟಿನ ಮಳೆ 32 ಬೈಟಿಗೆ ಇಳಿಯುತ್ತದೆ. ಎಂಟರ್ ಒತ್ತುವ ಮೊದಲು ಮೂರು ಸಲ ಓದಿದೆ. ನಕಲಿನ ನಕಲಿನ ಮೇಲೆ ಮಾಡುತ್ತಿದ್ದೆ ಎಂಬುದು ಗೊತ್ತಿದ್ದೂ ಕೈ ಬೆವರಿತ್ತು.

ಮತ್ತೆ ಪರೀಕ್ಷೆ. ಇಲ್ಲದ ಪುಟದ ದೂರು ಮಾಯವಾಗಿತ್ತು. ಅದರ ಜಾಗದಲ್ಲಿ ಸರಿಯಾಗಿ ನೂರು ಹೊಸ ದೂರು! ನೂರು ಎಂಬುದು ಕಾಕತಾಳೀಯವಲ್ಲ. ಇಂಟೆಗ್ರಿಟಿ_ಚೆಕ್ ನೂರು ದೋಷ ಸಿಕ್ಕ ಮೇಲೆ ಹುಡುಕುವುದನ್ನು ನಿಲ್ಲಿಸುತ್ತದೆ. ಆವರಣದಲ್ಲಿ 10000 ಎಂದು ಕೊಟ್ಟು ಮಿತಿ ಏರಿಸಿದಾಗ 200 ದಾಟಿತು. ಆದರೆ ಬಹುಪಾಲು ಒಂದೇ ಜಾತಿಯವು: ಇಂತಿಷ್ಟನೆಯ ಸಾಲು ಇಂಡೆಕ್ಸಿನಲ್ಲಿ ಕಾಣುತ್ತಿಲ್ಲ. ಜೊತೆಗೆ 39,855ನೆಯ ಪುಟವನ್ನು ಯಾರೂ ಬಳಸುತ್ತಿಲ್ಲ ಎಂಬುದೊಂದು. ಇದನ್ನು ಓದಿ ನಿಜವಾಗಿಯೂ ಉಸಿರು ಬಿಟ್ಟೆ. ಟೇಬಲ್ ಕೆಟ್ಟರೆ ಮಾಹಿತಿ ಹೋಯಿತು. ಇಂಡೆಕ್ಸ್ ಕೆಟ್ಟರೆ ಪುಸ್ತಕದ ಹಿಂದಿನ ಪದಸೂಚಿ ಹರಿದ ಹಾಗೆ, ಪುಸ್ತಕ ಓದಿ ಇನ್ನೊಂದು ಬರೆದುಕೊಳ್ಳಬಹುದು. 

ಕುತೂಹಲಕ್ಕೆ ಸಾಲುಗಳನ್ನು ಎಣಿಸಿದೆ. ಮೊದಲಿನಷ್ಟೂ ಬರಲಿಲ್ಲ! ಎಣಿಕೆ ಕೇಳಿದಾಗ ಎಸ್‌ಕ್ಯೂಲೈಟ್ ಬುದ್ಧಿವಂತಿಕೆಯಿಂದ ಟೇಬಲ್ ಬಿಟ್ಟು ಚಿಕ್ಕದಾದ ಇಂಡೆಕ್ಸನ್ನೇ ಎಣಿಸುತ್ತದೆ. ಹರಿದ ಪದಸೂಚಿಯನ್ನು ಎಣಿಸಿ ಹೇಳಿದ ಲೆಕ್ಕ ಅದು. ಟೇಬಲ್ಲಿನ ಹೆಸರಿನ ಮುಂದೆ ‘ನಾಟ್ ಇಂಡೆಕ್ಸ್‌ಡ್’ ಎಂದು ಸೇರಿಸಿ ಕೇಳಿದ ಮೇಲೆ ನಿಜ ಬಂತು: 37,13,527. ಕೊನೆಯ ಸಾಲು ಗುರುವಾರ ಬೆಳಗಿನ ಜಾವ 1:59ರದು. ಡಿಕ್ಕಿಯ ಲಾಭ ಇದೇ. ನಕಲು ನಡೆಯುವಾಗಲೇ ವಾಲ್ ಕೆಳಗಿಳಿದದ್ದರಿಂದ, ಬೇರೆ ಯಾವ ರಾತ್ರಿಯ ನಕಲಿನಲ್ಲೂ ಇರದಷ್ಟು ತಾಜಾ ಮಳೆ ಇದರಲ್ಲಿತ್ತು.

‘ರೀಇಂಡೆಕ್ಸ್’ ಕೊಟ್ಟೆ. ಆಮೇಲೆ ‘ವ್ಯಾಕ್ಯೂಮ್ ಇನ್‌ಟು’ ಬಳಸಿ ಎಲ್ಲವನ್ನೂ ಹೊಸ ಫೈಲಿಗೆ ಅಚ್ಚುಕಟ್ಟಾಗಿ ಬರೆಸಿದೆ. ಅನಾಥವಾಗಿದ್ದ ಪುಟ ಅದರಲ್ಲಿ ಬಿದ್ದುಹೋಯಿತು. ಇಂಟೆಗ್ರಿಟಿ_ಚೆಕ್: ಓಕೆ. ಗಾತ್ರ ಸೊನ್ನೆಯಲ್ಲ. ಟೇಬಲ್ಲುಗಳು ಮೂರೂ ಇವೆ. ಸಾಲುಗಳು ಇವೆ.

ಶುಕ್ರವಾರ ಮತ್ತು ಶನಿವಾರ, ಸಂಜೆ

‘ಹೇಗೆ ಗೊತ್ತು?’ ಎಂದು ಅಪ್ಪಯ್ಯ ಕೇಳಿದ್ದು ಮನಸ್ಸಿನಲ್ಲೇ ಕೂತಿತ್ತು. ಪುಟಗಳು ಸರಿಯಾಗಿ ಜೋಡಣೆಯಾಗಿವೆ ಎಂದು ಯಂತ್ರ ಹೇಳಬಲ್ಲದು. ಪುಟದಲ್ಲಿ ಬರೆದದ್ದು ನಿಜವೇ ಎಂದು ಹೇಳಬಲ್ಲದ್ದು ನಮ್ಮ ಮನೆಯಲ್ಲಿ ಒಂದೇ ಇದೆ, ಕೆಂಪು ಶಾಯಿ. ‘ದಿನ’ ಟೇಬಲ್ಲಿನ ತಿಂಗಳವಾರು ಮೊತ್ತ ತೆಗೆದು ಪರದೆಯ ಮೇಲೆ ಇಟ್ಟುಕೊಂಡೆ. ಅಪ್ಪಯ್ಯ ಕನ್ನಡಕ ಏರಿಸಿ, ಗೆದ್ದಲು ಬಾರದಂತೆ ಡಬ್ಬಿಯಲ್ಲಿಟ್ಟಿದ್ದ ಪುಸ್ತಕಗಳನ್ನು ಹರಡಿ, 1984ರಿಂದ ಓದಲು ಶುರು ಮಾಡಿದರು. ಅವರು ಇಂಚು ಹೇಳುವುದು, ನಾನು ‘ಹೌದು’ ಎನ್ನುವುದು. ನಡುನಡುವೆ ಆ ವರ್ಷ ಯಾವ ತೋಟಕ್ಕೆ ನೀರು ನುಗ್ಗಿತು, ಯಾರ ಮದುವೆಯ ಚಪ್ಪರ ಹಾರಿತು ಎಂಬುದೆಲ್ಲ ಬಂತು. ಎರಡು ಸಂಜೆ ಹಿಡಿಯಿತು, ಬೇಸರವಾಗಲಿಲ್ಲ.

ಮೂರು ಕಡೆ ತಾಳೆಯಾಗಲಿಲ್ಲ. ಒಂದು ನನ್ನ ಟೈಪಿಂಗ್ ತಪ್ಪು, 85 ಎಂಬುದು 58 ಆಗಿತ್ತು. ಇನ್ನೊಂದು ಅಪ್ಪಯ್ಯನ ಕೂಡುವಿಕೆಯ ತಪ್ಪು, ದಶಕ ಎತ್ತಿಕೊಳ್ಳಲು ಮರೆತಿದ್ದರು. ಇದನ್ನು ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಮೂರನೆಯದು 1994ರ ಜುಲೈ. ಪುಸ್ತಕದಲ್ಲಿ 58 ಇಂಚು 37 ಸೆಂಟ್ಸ್, ಡೇಟಾಬೇಸಿನಲ್ಲಿ 55 ಇಂಚು 81. ದಿನ ದಿನವೂ ಹೋಲಿಸಿ ಜುಲೈ 14ಕ್ಕೆ ಬಂದೆವು. ಪುಸ್ತಕ: 4 ಇಂಚು 12 ಸೆಂಟ್ಸ್, ಪುನರ್ವಸು. ಡೇಟಾಬೇಸ್: 156 ಸೆಂಟ್ಸ್.

412 ಎಂದು ಓದಿ 156 ಎಂದು ಯಾರ ಬೆರಳೂ ಟೈಪ್ ಮಾಡುವುದಿಲ್ಲ. 421 ಮಾಡಬಹುದು, 142 ಮಾಡಬಹುದು. ವ್ಯತ್ಯಾಸ ಎಷ್ಟೆಂದು ಕಳೆದು ನೋಡಿ ಬೆನ್ನು ನೆಟ್ಟಗಾಯಿತು. 256.

ಎಸ್‌ಕ್ಯೂಲೈಟ್ 412ನ್ನು ಎರಡು ಬೈಟುಗಳಲ್ಲಿ ಇಡುತ್ತದೆ. ಮೊದಲ ಬೈಟಿನಲ್ಲಿ 1, ಅಂದರೆ ಒಂದು 256, ಎರಡನೆಯದರಲ್ಲಿ 156. ಆ ಒಂದು ಸೊನ್ನೆಯಾದರೆ ಉಳಿಯುವುದು 156. ಬೈಟಿನ ಅತಿ ಚಿಕ್ಕ ಘಟಕವಾದ ಬಿಟ್, ಒಂದೇ ಒಂದು, ಎಲ್ಲೋ ಹೊರಳಿದೆ. ತಿಂಗಳ ಬ್ಯಾಕಪ್ಪುಗಳನ್ನು ಹಿಂದಕ್ಕೆ ನೋಡುತ್ತಾ ಹೋದೆ. ನವೆಂಬರದ ಫೈಲಿನಲ್ಲಿ 412, ಡಿಸೆಂಬರದಿಂದ ಈಚೆಗೆ ಎಲ್ಲದರಲ್ಲೂ 156. ಆ ಎರಡು ಫೈಲುಗಳ ‘ದಿನ’ ಟೇಬಲ್ಲನ್ನು, ಎರಡು ಡೇಟಾಬೇಸುಗಳ ವ್ಯತ್ಯಾಸ ಹೇಳುವ ಎಸ್‌ಕ್ಯೂಎಲ್‌ಡಿಫ್‌ಗೆ ಕೊಟ್ಟಾಗ, ತಿಂಗಳಲ್ಲಿ ಸೇರಿದ ಹೊಸ ದಿನಗಳ ಸಾಲುಗಳ ಜೊತೆ ಬದಲಾದ ಹಳೆಯ ಸಾಲು ಅದೊಂದನ್ನೇ ತೋರಿಸಿತು. ಮೂರು ದಶಕದ ಹಿಂದಿನ ಮಳೆಯನ್ನು ಯಾರೂ ತಿದ್ದಿರಲಿಲ್ಲ. ಕಾರ್ಡಿನಲ್ಲಿ ಮಲಗಿದ್ದಾಗಲೇ ಅದು ಬದಲಾಗಿತ್ತು, ಬ್ಯಾಕಪ್ಪುಗಳು ಆ ಸುಳ್ಳನ್ನು ತಿಂಗಳುಗಟ್ಟಲೆ ಭಕ್ತಿಯಿಂದ ನಕಲು ಮಾಡಿದ್ದವು. ಆ ಎಲ್ಲ ಫೈಲುಗಳೂ ‘ಓಕೆ’ ಎಂದವುಗಳೇ. ಎಸ್‌ಕ್ಯೂಲೈಟ್ ಮುಖ್ಯ ಫೈಲಿನ ಪುಟಗಳಿಗೆ ತಾನಾಗಿ ಚೆಕ್‌ಸಮ್, ಅಂದರೆ ಬದಲಾವಣೆ ಪತ್ತೆಹಚ್ಚುವ ತಾಳೆಯ ಅಂಕಿ, ಇಡುವುದಿಲ್ಲ. ಪುಟಕ್ಕೆ ಎಂಟು ಬೈಟಿನ ಚೆಕ್‌ಸಮ್ ಇಡುವ ‘ಸಿಕೆಸಮ್‌ವಿಎಫ್‌ಎಸ್’ ಎಂಬ ವಿಸ್ತರಣೆಯನ್ನು ನಾವೇ ಜೋಡಿಸಿಕೊಳ್ಳಬೇಕು. ಮಳೆಯ ಅಂಕಣಕ್ಕೆ ಒಂದು ಇಂಡೆಕ್ಸ್ ಇದ್ದಿದ್ದರೂ ಎರಡು ಕಡೆಯ ಅಂಕಿ ತಾಳೆಯಾಗದೆ ಸಿಕ್ಕಿಬೀಳುತ್ತಿತ್ತು. ಇರಲಿಲ್ಲ.

ಭಾನುವಾರ

ಹೊಸ ಕಾರ್ಡು, ಯುಪಿಎಸ್‌ಗೆ ಹೊಸ ಬ್ಯಾಟರಿ, ಹೊಸ ಸ್ಕ್ರಿಪ್ಟು. ನಕಲಿಗೆ ಇನ್ನು ‘ವ್ಯಾಕ್ಯೂಮ್ ಇನ್‌ಟು’; ಅದು ವಾಲ್‌ನಲ್ಲಿರುವುದನ್ನೂ ಸೇರಿಸಿ ಒಂದೇ ಗಳಿಗೆಯ ಚಿತ್ರ ಬರೆಯುತ್ತದೆ. ‘ಬ್ಯಾಕಪ್’ ಆಜ್ಞೆಯೂ ಆಗುತ್ತಿತ್ತು, ಆದರೆ ಅದು ಪುಟಗಳನ್ನು ಇದ್ದ ಹಾಗೇ ಎತ್ತಿಡುವುದರಿಂದ ಕೆಟ್ಟ ಪುಟವನ್ನೂ ಕೆಟ್ಟ ಹಾಗೇ ಎತ್ತಿಡುತ್ತದೆ. ನಕಲನ್ನು ತೆರೆದು ಇಂಟೆಗ್ರಿಟಿ_ಚೆಕ್ ಓಡಿಸಿ, ಉತ್ತರ ‘ಓಕೆ’ ಎಂಬುದಕ್ಕೆ ಅಕ್ಷರಶಃ ಸಮವೇ ಎಂದು ನೋಡುತ್ತದೆ. ಸಾಲುಗಳು ನಿನ್ನೆಗಿಂತ ಕಡಿಮೆಯಿರಬಾರದು, ಕೊನೆಯ ಸಾಲು ಐದು ನಿಮಿಷಕ್ಕಿಂತ ಹಳೆಯದಿರಬಾರದು. ನನಗೆ ಹೆಚ್ಚು ಇಷ್ಟವಾದದ್ದು ಕೊನೆಯ ಪರೀಕ್ಷೆ. ಮುಗಿದುಹೋದ ತಿಂಗಳುಗಳ ಮೊತ್ತ ಎಂದೂ ಬದಲಾಗಬಾರದು. ಪುಸ್ತಕದೊಂದಿಗೆ ತಾಳೆ ನೋಡಿದ ಆ ಮೊತ್ತಗಳನ್ನೆಲ್ಲ ಒಂದು ಪಠ್ಯದ ಫೈಲಿನಲ್ಲಿಟ್ಟಿದ್ದೇನೆ, ಸ್ಕ್ರಿಪ್ಟು ಪ್ರತಿ ರಾತ್ರಿ ಡೇಟಾಬೇಸಿನಿಂದ ಮತ್ತೆ ಕೂಡಿ ಡಿಫ್ ಮಾಡುತ್ತದೆ. ಇದರಲ್ಲಿ ಯಾವುದು ತಪ್ಪಿದರೂ ಅಟ್ಟದ ಬಜರ್ ಕೂಗುತ್ತದೆ. ಸ್ಕ್ರಿಪ್ಟು ಓಡದೇ ಹೋದರೂ ಬೆಳಿಗ್ಗೆ ಕೂಗುವಂತೆ ಇನ್ನೊಂದು ಕ್ರಾನ್ ಇದೆ.

1994ರ ಸಾಲನ್ನು ತಿದ್ದಲು ಕೂತಾಗ ಅಪ್ಪಯ್ಯ ತಡೆದರು. ‘ಅಳಿಸಬೇಡ. ಲೆಕ್ಕದ ಪುಸ್ತಕದಲ್ಲಿ ಅಳಿಸುವುದಿಲ್ಲ, ಗೀರು ಎಳೆದು ಪಕ್ಕದಲ್ಲಿ ಬರೆಯುತ್ತಾರೆ.’ ಹಾಗಾಗಿ ‘ದಿನ’ ಟೇಬಲ್ಲಿಗೆ ಟಿಪ್ಪಣಿ ಎಂಬ ಅಂಕಣ ಬಂತು. ಮಳೆ 412 ಆಯಿತು. ಪಕ್ಕದಲ್ಲಿ 156 ಎಂದಿತ್ತು, ಪುಸ್ತಕ ನೋಡಿ ತಿದ್ದಿದೆ ಎಂಬ ಒಂದು ಸಾಲು. ಗುರುವಾರ 2 ಗಂಟೆಯಿಂದ 4:10ರವರೆಗಿನ ನಿಮಿಷಗಳು ಮಾತ್ರ ಸಿಗಲಿಲ್ಲ, ಅವು ಸತ್ತ ಕಾರ್ಡಿನ ವಾಲ್‌ನಲ್ಲಿವೆ. ಆ ದಿನದ ಮೊತ್ತ ಎಂದಿನಂತೆ ಅಪ್ಪಯ್ಯನ ಪುಸ್ತಕದಲ್ಲಿದೆ: 5 ಇಂಚು 8 ಸೆಂಟ್ಸ್, ಪುನರ್ವಸು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅವರು ಸೇರಿಸಿದ್ದಾರೆ, ‘ಮಗಳ ಯಂತ್ರ ಮಲಗಿತ್ತು’.